ಕಡ್ಡಿಯ ಬಾಯಲ್ಲಿಲ್ಲದ ಅಕ್ಷರ

ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಹೆಂಗಸಿಗೆ ಒಬ್ಬ ತಮ್ಮನಿದ್ದ. ತಮ್ಮನ ಮುಖ ಊರಿಗೆಲ್ಲ ಗೊತ್ತು, ಅಕ್ಕನ ದನಿ ಊರಿಗೆಲ್ಲ ಗೊತ್ತು. ಆದರೆ ಆ ದನಿಗೂ ಒಂದು ಮುಖವಿದೆ, ಅದು ತಮ್ಮನ ಮುಖವನ್ನೇ ಹೋಲುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ತಮ್ಮ ಹುಟ್ಟಿದಾಗಿನಿಂದ ಸಣಕಲ. ಮನೆಯವರು ಕಡ್ಡಿ ಎಂದು ಕರೆದರು. ದೊಡ್ಡವನಾಗಿ ರ‍್ಯಾಪ್ ಹಾಡಲು ಹೊರಟಾಗ ಅದೇ ಹೆಸರನ್ನು ಇಟ್ಟುಕೊಂಡ. ಅಭಿಮಾನಿಗಳು ಅದನ್ನು ಬೆಂಕಿಕಡ್ಡಿ ಎಂದು ತಿಳಿದು, ಅವನು ವೇದಿಕೆ ಹತ್ತಿದಾಗಲೆಲ್ಲ ಲೈಟರ್ ಹಚ್ಚಿ ಕೈ ಮೇಲೆತ್ತುತ್ತಿದ್ದರು. ಕಡ್ಡಿ ಅವರನ್ನು ತಿದ್ದಲು ಹೋಗಲಿಲ್ಲ. ಮೈಯಲ್ಲಿ ಮಾಂಸವಿಲ್ಲದ್ದಕ್ಕೆ ಬಂದ ಹೆಸರು ಎಂದು ಯಾರು ತಾನೇ ಹೇಳಿಕೊಳ್ಳುತ್ತಾರೆ?

ಆ ವರ್ಷದ ಮೊದಲ ಹಾಡು 'ಹೊಗೆ' ಜನವರಿಯಲ್ಲಿ ಬಿಡುಗಡೆಯಾಯಿತು. ಒಂದೇ ಉಸಿರಿನಲ್ಲಿ ಊರಿನ ಬೀದಿಗಳನ್ನೆಲ್ಲ ಪೋಣಿಸಿಕೊಂಡು ಹೋಗುವ ಹಾಡು. ಆಟೋಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಕಾಲೇಜಿನ ಮೆಟ್ಟಿಲುಗಳ ಮೇಲೆ ಅದೇ ಕೇಳಿಸುತ್ತಿತ್ತು. ಅಕ್ಕನಿಗೂ ಹಾಡು ಇಷ್ಟವಾಗಿತ್ತು, ಸುಳ್ಳೇಕೆ ಹೇಳಬೇಕು. ಇಷ್ಟವಾಗದ್ದು ಅದರ ಬೆನ್ನಿಗೆ ಬಂದ ಸಂದರ್ಶನ.

ಮಧ್ಯಾಹ್ನದ ಬಸ್ಸುಗಳ ಗಲಾಟೆ ಇಳಿದಿತ್ತು. ಟಿಕೆಟ್ ಕೌಂಟರಿನವಳು ಫೋನು ಹಿಡಿದುಕೊಂಡು ಅನೌನ್ಸರ್ ಕೋಣೆಗೆ ಬಂದು, "ನೋಡಿ, ಕಡ್ಡಿ ಮಾತಾಡ್ತಿದಾನೆ" ಎಂದು ಮೈಕಿನ ಪಕ್ಕದಲ್ಲಿ ಇಟ್ಟಳು. ಈ ಕಡ್ಡಿ ಇವಳ ತಮ್ಮನೆಂದು ಅವಳಿಗೂ ಗೊತ್ತಿರಲಿಲ್ಲ. ಮನೆಯ ವಿಷಯ ಹೊರಗೆ ಬೇಡ ಎಂದು ಕಡ್ಡಿಯೇ ಹಿಂದೆ ಕೇಳಿಕೊಂಡಿದ್ದ.

ಫೋನಿನಲ್ಲಿ ಸಂದರ್ಶಕಿ ಕೇಳುತ್ತಿದ್ದಳು: "ಇಷ್ಟು ಉದ್ದದ ಉಸಿರು, ಈ ತಾಳ, ಇದನ್ನೆಲ್ಲ ಯಾರು ಕಲಿಸಿದ್ದು ನಿಮಗೆ?"

ಕಡ್ಡಿ ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಹೇಳಿದ: "ಯಾರೂ ಕಲಿಸಲಿಲ್ಲ. ರಸ್ತೆ ಕಲಿಸ್ತು."

"ಎಷ್ಟು ಚೆನ್ನಾಗಿ ಹೇಳ್ದ ಅಲ್ವಾ?" ಎಂದಳು ಕೌಂಟರಿನವಳು.

"ಹೂಂ" ಎಂದಳು ಅಕ್ಕ. ಅವಳ ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದ ಹಾಗಾಯಿತು.

ಕಡ್ಡಿ ಎಂಟು ವರ್ಷದವನಿದ್ದಾಗ ಅವನಿಗೆ ವಿಪರೀತ ತೊದಲು. ಒಂದು ಮಾತು ಹೊರಗೆ ಬರುವಷ್ಟರಲ್ಲಿ ಕುತ್ತಿಗೆಯ ನರಗಳು ಉಬ್ಬಿಬಿಡುತ್ತಿದ್ದವು. ಅಪ್ಪ ತೀರಿಕೊಂಡಿದ್ದ. ಅಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಎರಡನೇ ಪಾಳಿ. ಅಕ್ಕ ಆಗಷ್ಟೇ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿ, ಬಸ್ಸು ನಿಲ್ಲುವ ಜಾಗಗಳನ್ನು ಅಡುಗೆಮನೆಯ ಮೇಜಿನ ಮುಂದೆ ಕೂತು ಬಾಯಿಪಾಠ ಮಾಡುತ್ತಿದ್ದಳು: ಬಂದರು, ಗಿರಣಿ, ಹಳೇ ಸೇತುವೆ, ಆಸ್ಪತ್ರೆ, ಎರಡನೇ ಗೇಟು. ಎದುರಿಗೆ ಕೂತ ತಮ್ಮ ಒಂದು ದಿನ ಅವಳ ಜೊತೆ ಹೇಳಲು ನೋಡಿದ, ಸಿಕ್ಕಿಕೊಂಡ. ಅಕ್ಕ ಬೆರಳಿನಿಂದ ಮೇಜು ತಟ್ಟಿದಳು. ತಟ್ಟಿದ ಕಡೆ ಪದ ಇಡು, ತಟ್ಟದ ಕಡೆ ಉಸಿರು ತಗೋ. ಹೀಗೆ ಎರಡು ವರ್ಷ. ತೊದಲು ಒಂದೊಂದೇ ಅಕ್ಷರ ಬಿಟ್ಟುಕೊಟ್ಟು ಹೋಯಿತು. 'ಪ' ಒಂದನ್ನು ಮಾತ್ರ ಬಿಡಲಿಲ್ಲ. ಮಾತಿನ ಮೊದಲಿಗೆ 'ಪ' ಬಂದರೆ ಕಡ್ಡಿಯ ತುಟಿಗಳು ಅಂಟು ಹಾಕಿದ ಹಾಗೆ ಮುಚ್ಚಿಕೊಳ್ಳುತ್ತಿದ್ದವು. ಅದಕ್ಕೇ ಅವನು ಆ ಅಕ್ಷರವನ್ನೇ ತನ್ನ ಬಾಯಿಂದ ಓಡಿಸಿಬಿಟ್ಟ. ಅಂಗಡಿಯಲ್ಲಿ ಪೆನ್ನು ಬೇಕಾದರೆ "ಬರೆಯೋದು ಕೊಡಿ" ಎನ್ನುತ್ತಿದ್ದ. ಅಭಿಮಾನಿಗಳು ಅವನನ್ನು 'ಪದದ ದೊರೆ' ಎಂದರು, ಅವನು ತನ್ನನ್ನು 'ಮಾತಿನ ದೊರೆ' ಎಂದುಕೊಂಡ. ಅಷ್ಟೊಂದು ಹಾಡು ಹಾಡಿದ್ದರೂ ಒಂದು ಪದವೂ 'ಪ'ದಿಂದ ಶುರುವಾಗುತ್ತಿರಲಿಲ್ಲ. ಯಾರ ಗಮನಕ್ಕೂ ಬಂದಿರಲಿಲ್ಲ.

ರಸ್ತೆ ಕಲಿಸಿತಂತೆ. ಆ ದಿನ ಅಕ್ಕ ಬಂದರಿನ ಬಸ್ಸನ್ನು ಕೂಗುವಾಗ ದನಿ ಎಂದಿನ ಹಾಗೇ ನಯವಾಗಿತ್ತು. ಆದರೆ ಮೈಕು ಆರಿಸಿದ ಮೇಲೆ, "ರಸ್ತೆಯಂತೆ ರಸ್ತೆ" ಎಂದು ಗೋಡೆಗೆ ಹೇಳಿದಳು.

ಮಾರ್ಚಿನಲ್ಲಿ ಸೂಜಿ ಎಂಬ ಹೊಸ ಹಾಡುಗಾರ್ತಿ ಬಂದಳು. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ದಿನವಿಡೀ ಜನರ ತೋಳಿಗೆ ಸೂಜಿ ಚುಚ್ಚುವ ಕೆಲಸ ಅವಳದು. ಬಿಡುವಿನಲ್ಲಿ ಹಾಡಿದ ಅವಳ ಮೊದಲ ಹಾಡು ವಾರದೊಳಗೆ 'ಹೊಗೆ'ಯನ್ನು ಹಿಂದೆ ಹಾಕಿತು. ಭಾನುವಾರ ಊಟಕ್ಕೆ ಬಂದ ಕಡ್ಡಿ ತಟ್ಟೆಯಲ್ಲಿದ್ದುದನ್ನು ಕೆದಕುತ್ತಾ ಕೂತ.

"ಆ ಲ್ಯಾಬ್ ಹುಡುಗಿ ಹಾಡು ಕೇಳಿದ್ಯಾ?"

"ಕೇಳಿದೆ" ಎಂದಳು ಅಕ್ಕ.

"ಏನಿದೆ ಅದರಲ್ಲಿ? ಜನಕ್ಕೆ ಹೊಸ ಮುಖ ಬೇಕು, ಅಷ್ಟೇ."

"ನನಗೇನೋ ಚೆನ್ನಾಗೇ ಅನಿಸ್ತು."

ತಮ್ಮನ ಮುಖ ಸಪ್ಪಗಾದದ್ದನ್ನು ನೋಡಿ ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಹಾಗೆ ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಖುಷಿಯಷ್ಟಲ್ಲ.

ಎದುರಾಳಿಯನ್ನು ಹಾಡಿನಲ್ಲೇ ಜಾಡಿಸುವುದಕ್ಕೆ ಈ ಹುಡುಗರು 'ಡಿಸ್' ಎನ್ನುತ್ತಾರೆ. ಕಡ್ಡಿ ಒಂದು ಡಿಸ್ ಬಿಟ್ಟ: "ಸೂಜಿ ಚುಚ್ಚು, ರಕ್ತ ಹೀರು, ಹಾಡಿಗೇನು ಕೆಲಸ? ಬಾಟಲಿಗೆ ಹೆಸರು ಅಂಟಿಸು, ನಿನಗೆ ಅದೇ ಸಲೀಸ." ಸೂಜಿ ಸುಮ್ಮನಿರುವವಳಲ್ಲ. "ನನ್ನ ಹಾಡು ಕೇಳ್ದಮೇಲೆ ಬಿಪಿ ಎಷ್ಟು ಹೇಳು, ತೋಳು ಮಡಚು ದೊರೆಯೇ, ಸಿಗುತ್ತಿಲ್ಲ ನಾಡಿ ಕೂಡ ಕೈಯೊಳು" ಎಂದು ತಿರುಗಿಸಿ ಕೊಟ್ಟಳು. ಊರಿನ ಹುಡುಗರು ಎರಡು ಗುಂಪಾದರು. ಒಂದು ಗುಂಪು ಕಿವಿಯ ಹಿಂದೆ ಬೆಂಕಿಕಡ್ಡಿ ಸಿಕ್ಕಿಸಿಕೊಂಡು ತಿರುಗಿತು, ಇನ್ನೊಂದು ಅಂಗಿಯ ಕಾಲರಿಗೆ ಸೂಜಿ ಚುಚ್ಚಿಕೊಂಡಿತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅನೌನ್ಸರ್ ಕೋಣೆಯ ಬಾಗಿಲು ತಟ್ಟಿ ಒಳಗೆ ಬಂದವಳು ಅದೇ ಸೂಜಿ. ಕುಳ್ಳಗಿನ ಹುಡುಗಿ, ಲ್ಯಾಬಿನ ಬಿಳಿ ಕೋಟು ಇನ್ನೂ ಮೈಮೇಲಿತ್ತು. ಮೇಲ್ವಿಚಾರಕರ ಅನುಮತಿ ತಂದಿದ್ದಳು. ನಿಲ್ದಾಣದ ಸದ್ದುಗಳನ್ನು ಹಾಡಿಗಾಗಿ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು.

"ನಿಮ್ಮ ದನೀನೂ ಬೇಕು ಅಕ್ಕ. ನೀವು ಯಾವಾಗಲೂ ಹೇಳೋ ಹಾಗೇ ಹೇಳಿ, ನಾನೊಬ್ಬಳು ಇಲ್ಲ ಅಂದ್ಕೊಳ್ಳಿ."

ಅಕ್ಕ ಹೇಳಿದಳು. ಹಳೇ ಸೇತುವೆ, ಆಸ್ಪತ್ರೆ, ಎರಡನೇ ಗೇಟು. ಸೂಜಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು, "ಇನ್ನೊಂದ್ಸಲ ಹೇಳಿ" ಎಂದಳು. ಮತ್ತೆ ಕೇಳಿ, "ಅಕ್ಕ, ನೀವು ಉಸಿರು ಎಲ್ಲಿ ತಗೋತೀರ? ಗೊತ್ತೇ ಆಗಲ್ಲ. ನಮ್ಮಲ್ಲಿ ಹಿಂಗೆ ಮಾಡೋನು ಒಬ್ಬನೇ ಇದಾನೆ. ಅವನ ಹೆಸರು ಹೇಳೋಕೆ ನನಗೆ ಇಷ್ಟ ಇಲ್ಲ, ಆದ್ರೂ ಕಡ್ಡಿ" ಎಂದಳು.

ಅಕ್ಕ ನೀರಿನ ಬಾಟಲಿ ಎತ್ತಿ ಕುಡಿದಳು. ಇಷ್ಟು ವರ್ಷಗಳಲ್ಲಿ ಈ ಮಾತು ಹೇಳಿದವಳು ಇವಳೊಬ್ಬಳೇ. ನಾನು ಅವನಕ್ಕ ಎನ್ನುವುದು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಹೇಳಿದರೆ ಈ ಹುಡುಗಿ ಮತ್ತೆ ಬರುವುದಿಲ್ಲ. ಮತ್ತೆ ಬರಲಿ ಎಂದು ಅಕ್ಕನಿಗೆ ಆಸೆಯಾಯಿತು.

ಸೂಜಿ ಬಂದಳು, ಒಂದೆರಡು ಸಲವಲ್ಲ. ಲ್ಯಾಬಿನ ಕೆಲಸ ಮುಗಿಸಿ, ಬಸ್ಸಿಗೆ ಕಾಯುವ ನೆಪದಲ್ಲಿ ಬಂದು ಕೂರುತ್ತಿದ್ದಳು. ತಾನು ಬರೆದದ್ದನ್ನು ಓದುತ್ತಿದ್ದಳು. ಅಕ್ಕ, "ಇಲ್ಲಿ ಎರಡಕ್ಷರ ಜಾಸ್ತಿ ಆಯ್ತು, ಉಸಿರು ಕಟ್ಟುತ್ತೆ" ಎಂದರೆ ಅಲ್ಲೇ ಹೊಡೆದು ಹಾಕುತ್ತಿದ್ದಳು. ತಮ್ಮ ಎಂದೂ ಹೀಗೆ ಕೇಳಿದವನಲ್ಲ.

ಜೂನಿನಲ್ಲಿ ಕಡ್ಡಿಯ ಹೊಸ ಹಾಡು ಬಂತು, 'ಮೊದಲ ತಾಳ'. ಜಗಳದ ಹಾಡುಗಳಿಂದ ಜನ ಬೇಸತ್ತಿದ್ದಾರೆ, ಮೆತ್ತಗಿನದೊಂದು ಕೊಡು ಎಂದು ಅವನ ಮ್ಯಾನೇಜರ್ ಹೇಳಿದ್ದನಂತೆ. ಬಿಡುಗಡೆಯ ಸಮಾರಂಭ ಊರಿನ ದೊಡ್ಡ ಸಭಾಂಗಣದಲ್ಲಿ. ಅಕ್ಕನಿಗೆ ಮೂರನೇ ಸಾಲಿನಲ್ಲಿ ಜಾಗ, ಅಮ್ಮನಿಗೆ ಮೊದಲ ಸಾಲಿನಲ್ಲಿ. ಹಾಡು ಶುರುವಾಯಿತು.

"ಅಡುಗೆಮನೆ ಮೇಜಿನ ಮೇಲೆ ತಟ್ಟಿತೊಂದು ಕೈಯಿ, ಆ ತಾಳಕ್ಕೆ ಕುಣಿದು ಕಲಿತಿತು ಮಾತು ನನ್ನ ಬಾಯಿ."

ಅಕ್ಕ ಕುರ್ಚಿಯ ತುದಿಗೆ ಬಂದಳು. ಕೊನೆಗೂ ಹೇಳಿದ ಎಂದುಕೊಂಡಳು. ಮುಂದಿನ ಸಾಲಿನಲ್ಲಿ ಕಡ್ಡಿ ಮೊದಲ ಸಾಲಿನತ್ತ ಕೈ ಚಾಚಿದ. "ಆ ಕೈ ನಿನ್ನದಮ್ಮ" ಎಂದ. ದೀಪವೆಲ್ಲ ಅಮ್ಮನ ಮೇಲೆ ಬಿತ್ತು. ಅಮ್ಮ ವೇದಿಕೆ ಹತ್ತಿದಳು, ಮಗನನ್ನು ತಬ್ಬಿದಳು. ಸಭಾಂಗಣವೆಲ್ಲ ಎದ್ದು ನಿಂತು ಅತ್ತಿತು. ಅಕ್ಕನೂ ಅತ್ತಳು. ಪಕ್ಕದವರು ಅದನ್ನು ಸಂತೋಷದ ಅಳು ಎಂದುಕೊಂಡು ಕರವಸ್ತ್ರ ಕೊಟ್ಟರು.

ಮಾರನೇ ದಿನ ಅಮ್ಮ ಫೋನಿನಲ್ಲಿ ತನ್ನದೇ ವೀಡಿಯೊವನ್ನು ಹಿಂದೆ ಮುಂದೆ ಓಡಿಸುತ್ತಾ ಕೂತಿದ್ದಳು. ಅಕ್ಕ ಸೀರೆ ಮಡಚುತ್ತಾ ಕೇಳಿದಳು.

"ಅಮ್ಮ, ಮೇಜು ತಟ್ಟಿದ್ದು ನೀನಾ?"

ಅಮ್ಮ ತಲೆ ಎತ್ತಲಿಲ್ಲ. "ಯಾರು ತಟ್ಟಿದರೇನೇ, ಮೇಜು ನಮ್ಮನೇದೇ ಅಲ್ವಾ?"

"ಆಗ ನೀನು ಕಾರ್ಖಾನೇಲಿ ಇರ್ತಿದ್ದೆ."

"ಹೌದು, ಇರ್ತಿದ್ದೆ. ನಿಮ್ಮಿಬ್ಬರ ಹೊಟ್ಟೆಗೇ ತಾನೆ ಇರ್ತಿದ್ದದ್ದು? ಹಾಡಲ್ಲಿ ಅಕ್ಕ ಅಂದ್ರೆ ಜನ ಅಳ್ತಾರಾ? ಅಮ್ಮ ಅಂದ್ರೆ ಅಳ್ತಾರೆ. ಅವನಿಗೂ ಹೊಟ್ಟೆಪಾಡು." ಅಷ್ಟು ಹೇಳಿ ಮತ್ತೆ ವೀಡಿಯೊ ಓಡಿಸಿದಳು. "ಈ ದೀಪದಲ್ಲಿ ನನ್ನ ಕೂದಲು ಎಷ್ಟು ಬೆಳ್ಳಗೆ ಕಾಣ್ಸುತ್ತೆ ನೋಡು."

ಅಕ್ಕ ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು. ರಸ್ತೆಯ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಡಲು ಸಾಧ್ಯ? ಹೆತ್ತ ತಾಯಿಯ ಮೇಲೆ ಪಡುವುದು ಬೇರೆಯೇ ಬಗೆ. ಅದಕ್ಕೆ ಬೂದಿ ಇಲ್ಲ, ಬರೀ ಕೆಂಡ.

ಆ ವಾರವೇ ಸೂಜಿ ಬಂದಳು. ಕೂತವಳೇ ಕೈಚೀಲ ನೆಲಕ್ಕೆ ಎಸೆದಳು. "ಆಯ್ತು ಅಕ್ಕ, ನನ್ನ ಕತೆ ಮುಗೀತು. ಅಮ್ಮನ್ನ ವೇದಿಕೆಗೆ ತಂದ ಮೇಲೆ ಅವನ ಮೇಲೆ ನಾನೇನು ಬರೀಲಿ? ಏನು ಬರೆದ್ರೂ ನಾನೇ ಕೆಟ್ಟೋಳು."

ಅಕ್ಕ ಗಿರಣಿಯ ಬಸ್ಸನ್ನು ಕೂಗಿ ಮೈಕು ಆರಿಸಿದಳು. ಆಮೇಲೆ ಬೆರಳುಗಳು ತಾವಾಗಿಯೇ ಮೇಜು ತಟ್ಟಿದವು. ಬಸ್ಸು ಕೂಗುವ ದನಿಯಲ್ಲೇ ಹೇಳಿದಳು.

"ಪದದ ದೊರೆ ಅಂತಾರೆ, ಪದ ಅನ್ನು ನೋಡೋಣ. ಪಟಪಟ ಮಾತಾಡ್ತೀಯ, ಪಟ ಅನ್ನು ನೋಡೋಣ. ಪಾಪ ಅನ್ನು, ಪಾಠ ಅನ್ನು, ಪೆಟ್ಟು ತಿಂದೆ ಅನ್ನು. ಪ ಬಿಟ್ಟು ಬರೆದವನೇ, ಪೂರ್ತಿ ಯಾವಾಗ ಅನ್ನು."

ಸೂಜಿ ಮೊದಲು ನಕ್ಕಳು, ಆಮೇಲೆ ನಗು ನಿಂತಿತು. ಫೋನು ತೆಗೆದು ಕಡ್ಡಿಯ ಹಾಡುಗಳನ್ನು ಒಂದಾದ ಮೇಲೊಂದು ಓಡಿಸಿದಳು. ಓಡಿಸುತ್ತಾ ಅವಳ ಕಣ್ಣು ಅಗಲವಾಯಿತು. "ಇಲ್ಲ ಅಕ್ಕ. ಒಂದೂ ಇಲ್ಲ. ಇದು ನಿಮಗೆ ಹೇಗೆ ಗೊತ್ತಾಯ್ತು?"

"ದಿನಾ ಕೂಗೋಳು ನಾನು. ಕಿವಿ ಇರುತ್ತಲ್ಲ" ಎಂದಳು ಅಕ್ಕ.

ಜುಲೈಯಲ್ಲಿ 'ಪ' ಬಿಡುಗಡೆಯಾಯಿತು. ಮೊದಲ ದಿನ ಜನ ನಂಬಲಿಲ್ಲ. ಎರಡನೇ ದಿನ ಹುಡುಕಿದರು. ಮೂರನೇ ದಿನ ಊರೆಲ್ಲ ಅದೇ ಮಾತು. ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಾ "ಪೆನ್ಸಿಲ್ ಅನ್ನು ನೋಡೋಣ" ಎಂದು ಒಬ್ಬರನ್ನೊಬ್ಬರು ಕೆಣಕಿದರು. ಕಿವಿಯ ಹಿಂದಿನ ಬೆಂಕಿಕಡ್ಡಿಗಳು ಸದ್ದಿಲ್ಲದೆ ಮಾಯವಾದವು. ಕೌಂಟರಿನವಳು ತನ್ನ ಫೋನಿನ ರಿಂಗ್‌ಟೋನ್ ಬದಲಾಯಿಸಿಕೊಂಡಳು. ತಾನು ಕಟ್ಟಿದ ಸಾಲುಗಳನ್ನು ಜನ ತನ್ನ ಕಿಟಕಿಯ ಕೆಳಗೇ ಹಾಡಿಕೊಂಡು ಹೋಗುವುದನ್ನು ಕೇಳಿ ಅಕ್ಕನ ಹೊಟ್ಟೆ ಬೇಸಿಗೆಯಲ್ಲಿ ತಣ್ಣೀರು ಕುಡಿದ ಹಾಗೆ ತಣ್ಣಗಾಯಿತು.

ಆ ತಂಪು ಭಾನುವಾರದವರೆಗೆ ಇತ್ತು. ಭಾನುವಾರ ಕಡ್ಡಿ ಊಟಕ್ಕೆ ಬಂದ. ಕನ್ನಡಕವಿರಲಿಲ್ಲ, ಕಣ್ಣುಗಳು ಒಳಗೆ ಹೋಗಿದ್ದವು. ಅಮ್ಮ ಇನ್ನಷ್ಟು ಬಡಿಸಲು ಹೋದಾಗ ಕೈ ಅಡ್ಡ ಹಿಡಿದು, "ಸಾ... ಸಾ... ಸಾ..." ಎಂದ. 'ಸಾಕು' ಎಂಬ ಮಾತೂ ಬರಲಿಲ್ಲ. ಎಂದೋ ಸೋತು ಹೋಗಿದ್ದ ಅಕ್ಷರಗಳೆಲ್ಲ ಒಟ್ಟಿಗೆ ತಿರುಗಿ ಬಿದ್ದಿದ್ದವು. ಅವನು ತಟ್ಟೆ ಸರಿಸಿ ಎದ್ದು ಹೋದ. ಅಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅಕ್ಕ ಅವನು ಬಿಟ್ಟು ಹೋದ ತಟ್ಟೆಯನ್ನು ಎತ್ತಿ ಒಳಗಿಟ್ಟಳು.

ಯಾರು ಹೇಳಿರಬಹುದು ಎಂದು ಕಡ್ಡಿ ತಲೆ ಕೆಡಿಸಿಕೊಂಡ. ಅಮ್ಮ ಹೇಳುವವಳಲ್ಲ. ಅಕ್ಕನ ಮೇಲೆ ಅನುಮಾನದ ನೆರಳೂ ಸುಳಿಯಲಿಲ್ಲ. ಉಳಿದವನು ಡಬ್ಬಿ. ಚಿಕ್ಕಂದಿನಲ್ಲಿ ಎಣ್ಣೆ ಡಬ್ಬಿ ಬಡಿಯುತ್ತಾ ಬೀದಿ ಸುತ್ತುತ್ತಿದ್ದ ಗೆಳೆಯ. ಈಗ ಕಡ್ಡಿಯ ಹಾಡುಗಳಿಗೆಲ್ಲ ಬೀಟ್ ಕೂರಿಸುವವನು, ರೆಕಾರ್ಡಿಂಗ್ ನೋಡಿಕೊಳ್ಳುವವನು. ಕಡ್ಡಿ ಅವನನ್ನು ಸ್ಟುಡಿಯೊದಿಂದ ಹೊರಗೆ ಹಾಕಿದ. ಎದುರಿಗೆ ಮಾತು ಹೊರಡದೆ, ಬಾಗಿಲು ತೋರಿಸಿ ಕಳಿಸಿದನಂತೆ. ಸುದ್ದಿ ಫೋನುಗಳಲ್ಲಿ ಹರಡಿತು: ಕಡ್ಡಿಗೆ ಬೆನ್ನಿಗೆ ಚೂರಿ ಹಾಕಿದವನು ಡಬ್ಬಿ.

ಎರಡು ದಿನ ಬಿಟ್ಟು ಡಬ್ಬಿ ನಿಲ್ದಾಣಕ್ಕೆ ಬಂದ. ಭುಜದ ಮೇಲೊಂದು ಚೀಲ, ಕೈಯಲ್ಲಿ ಕೀಬೋರ್ಡಿನ ಪೆಟ್ಟಿಗೆ. ಬೇರೆ ಊರಿನಲ್ಲಿದ್ದ ಅಣ್ಣನ ಮನೆಗೆ ಹೊರಟಿದ್ದ.

"ಅಕ್ಕ, ನಾನು ಹೇಳಿಲ್ಲ" ಎಂದ.

ಅಕ್ಕ ಬಸ್ಸುಗಳ ವೇಳಾಪಟ್ಟಿಯ ಮೇಲೆ ಕಣ್ಣಿಟ್ಟಳು.

"ನನಗೆ ಮೊದಲ್ನಿಂದ ಗೊತ್ತಿತ್ತು. ಒಂದೊಂದು ಹಾಡಲ್ಲೂ ಮಾತಿನ ನಡುವೆ 'ಪ' ಬಂದು ಅವನು ಸಿಕ್ಕಿಕೊಂಡ ಜಾಗ ಎಲ್ಲಾ ಕತ್ತರಿಸಿ, ಜೋಡ್ಸಿ, ಗೊತ್ತಾಗದ ಹಾಗೆ ಮಾಡಿದ್ದು ನಾನೇ. ನನಗೆ ಗೊತ್ತು ಅಂತ ಅವನಿಗೂ ಹೇಳಿರ್ಲಿಲ್ಲ. ಹೇಳಿದ್ರೆ ಬೇಜಾರು ಮಾಡ್ಕೋತಾನೆ ಅಂತ. ಅಂಥೋನು ನಾನು ಹೋಗಿ ಊರಿಗೆ ಹೇಳ್ತೀನಾ?"

"ಇಲ್ಲಪ್ಪ" ಎಂದಳು ಅಕ್ಕ.

ಅವನು ಹೋಗಿ ಬಸ್ಸು ಹತ್ತಿದ. ಆ ಬಸ್ಸನ್ನು ಕೂಗಬೇಕಾದವಳು ಅವಳೇ. ಕೂಗಿದಳು. ದನಿ ಎಲ್ಲೂ ನಡುಗಲಿಲ್ಲ, ಉಸಿರು ಎಲ್ಲಿ ತೆಗೆದುಕೊಂಡಳೆಂದು ಯಾರಿಗೂ ತಿಳಿಯಲಿಲ್ಲ. ಇಷ್ಟು ದಿನ ಹೆಮ್ಮೆಪಟ್ಟಿದ್ದ ಆ ದನಿಯನ್ನು ಕೇಳಿ ಅವಳಿಗೆ ಅಸಹ್ಯವಾಯಿತು. ಪಾಳಿ ಮುಗಿಯುವವರೆಗೆ ಕಾಯದೆ, ಕೌಂಟರಿನವಳನ್ನು ಮೈಕಿನ ಮುಂದೆ ಕೂರಿಸಿ ಸ್ಟುಡಿಯೊಗೆ ಹೊರಟಳು.

ಸ್ಟುಡಿಯೊ ಎಂದರೆ ಟೈರು ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು. ಒಳಗೆ ಹೋದರೆ ತನ್ನ ಮಾತು ತನಗೇ ಚಿಕ್ಕದಾಗಿ ಕೇಳುತ್ತದೆ. ಕಡ್ಡಿ ನೆಲದ ಮೇಲೆ ಕೂತು ಚಾರ್ಜರಿನ ವೈರನ್ನು ಬೆರಳಿಗೆ ಸುತ್ತುತ್ತಿದ್ದ.

"ಡಬ್ಬಿ ಅಲ್ಲ ಕಣೋ" ಎಂದಳು ಅಕ್ಕ. "ಸೂಜಿಗೆ ಹೇಳಿದ್ದು ನಾನು."

ಕಡ್ಡಿ ಅವಳ ಮುಖ ನೋಡಿದ. ತಮಾಷೆಯೋ ಎಂದು ಹುಡುಕುವವನಂತೆ ಬಹಳ ಹೊತ್ತು ನೋಡಿದ. ಆಮೇಲೆ ಒಂದೊಂದೇ ಮಾತನ್ನು ಎಳೆದು ತೆಗೆದು ಕೇಳಿದ.

"ಆ ಸಾಲುಗಳು... ಅವಳು ಬರೆದದ್ದಾ?"

"ಅಲ್ಲ. ನಾನೇ ಕಟ್ಟಿದ್ದು."

"ನಾಲ್ಕೂ?"

"ನಾಲ್ಕೂ."

"ಇಂಥ ಸಾಲು ನನಗೆ ಒಂದು ದಿನಾನೂ ಕೊಡ್ಲಿಲ್ಲ ನೀನು."

ಅಕ್ಕ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು, ಇದಕ್ಕಲ್ಲ. ತಮ್ಮನ ಕಣ್ಣಿನಲ್ಲಿದ್ದದ್ದು ಸಿಟ್ಟು ಮಾತ್ರವಲ್ಲ. ಅದು ಅವಳಿಗೆ ಚೆನ್ನಾಗಿ ಪರಿಚಯವಿದ್ದ ಉರಿ, ಆ ವರ್ಷವೆಲ್ಲ ತನ್ನ ಹೊಟ್ಟೆಯಲ್ಲೇ ಸಾಕಿಕೊಂಡದ್ದು.

"ನೀನು ಕೇಳಿದ್ಯಾ?" ಎಂದಳು. "ಒಂದು ದಿನ ಬಂದು ಅಕ್ಕ ಇದು ಹೇಗಿದೆ ಅಂತ ಕೇಳಿದ್ಯಾ? ರಸ್ತೆ ಕಲಿಸ್ತು ಅಂದೆ, ಸುಮ್ಮನಿದ್ದೆ. ಅಮ್ಮನ ಕೈ ಅಂದೆಯಲ್ಲ, ಅದನ್ನ ಹೇಗೆ ನುಂಗಲಿ?"

"ನಿನ್ನ ಹೆಸರು ಹೇಳಿದ್ರೆ ಯಾಕೆ ಕಲಿಸಿದ್ಲು ಅಂತ ಕೇ... ಕೇಳ್ತಾರೆ. ಆಗ ನಾನು ಏನು ಹೇಳ್ಲಿ? ತೊದಲು ಅಂತ ಹೇಳ್ಬೇಕು. ಅಮ್ಮ ಅಂದ್ರೆ ಯಾರೂ ಮುಂದೆ ಕೇಳಲ್ಲ."

ಈ ಲೆಕ್ಕ ಅಕ್ಕನ ತಲೆಗೆ ಹೊಳೆದಿರಲೇ ಇಲ್ಲ. "ಡಬ್ಬೀನ ವಾಪಸ್ ಕರಿ" ಎಂದಳು.

"ಹೋಗು ಅಕ್ಕ" ಎಂದ ಕಡ್ಡಿ. ಆ ಮಾತು ಮಾತ್ರ ಎಲ್ಲೂ ತಡೆಯದೆ ಬಂತು.

ಡಬ್ಬಿಗೆ ಅವಳೇ ಫೋನು ಮಾಡಿ ಹೇಳಿದಳು. ಡಬ್ಬಿ, "ಅನಿಸಿತ್ತು ಅಕ್ಕ. ಆ ದಿನ ನೀವು ನನ್ನ ಮುಖ ನೋಡ್ಲಿಲ್ಲ" ಎಂದು ಇಟ್ಟುಬಿಟ್ಟ.

ಅದಾದ ಮೇಲೆ ಕಡ್ಡಿ ಭಾನುವಾರದ ಊಟಕ್ಕೆ ಬರುವುದನ್ನು ಬಿಟ್ಟ. ಬಂದರೂ ಅಕ್ಕ ಕೆಲಸದಲ್ಲಿರುವ ಹೊತ್ತು ನೋಡಿ ಬಂದು ಅಮ್ಮನನ್ನು ಕಂಡು ಹೋಗುತ್ತಿದ್ದ. ಅಮ್ಮ ವಿಷಯ ತಿಳಿದು ಒಂದು ವಾರ ಮಗಳ ಜೊತೆ ಮಾತಾಡಲಿಲ್ಲ. ಎರಡನೇ ವಾರ, "ನಾನೂ ಆ ದಿನ ವೇದಿಕೆ ಹತ್ತಬಾರದಿತ್ತೇನೋ" ಎಂದಳು.

ಅಕ್ಟೋಬರಿನಲ್ಲಿ ಕಡ್ಡಿ ಛಲಕ್ಕೆ ಬಿದ್ದು ಒಂದು ಹಾಡು ತಂದ, 'ಪಟ್ಟು'. ಎಲ್ಲ ಸಾಲುಗಳೂ 'ಪ'ದಿಂದಲೇ ಶುರು. ತುಂಡುತುಂಡಾಗಿ ಹಾಡಿಸಿ ಯಾರೋ ಹೊಸಬ ಜೋಡಿಸಿದ್ದ. ಆದರೆ ಡಬ್ಬಿಯ ಕೈಗುಣ ಅವನಿಗಿರಲಿಲ್ಲ. ಹೊಲಿಗೆ ಬಿಟ್ಟ ಅಂಗಿಯ ಹಾಗೆ ಜೋಡಣೆಯೆಲ್ಲ ಹೊರಗೆ ಕಾಣುತ್ತಿತ್ತು. ಜನ ಕೇಳಿ, ಅಯ್ಯೋ ಅನಿಸಿ, ಮುಂದಕ್ಕೆ ಹೋದರು. ನಕ್ಕಿದ್ದರೆ ವಾಸಿಯಿತ್ತು. ಅಕ್ಕ ಅನೌನ್ಸರ್ ಕೋಣೆಯಲ್ಲಿ ಅದನ್ನು ಪೂರ್ತಿ ಕೇಳಿದಳು. ಎಲ್ಲೆಲ್ಲಿ ಅವನ ತುಟಿ ಅಂಟಿಕೊಂಡಿರಬೇಕೆಂದು ಅವಳಿಗೆ ಗೊತ್ತಾಗುತ್ತಿತ್ತು. ಆ ಜಾಗಗಳಲ್ಲೆಲ್ಲ ಅವಳೂ ಉಸಿರು ಹಿಡಿದಳು.

ಆ ತಿಂಗಳಲ್ಲೇ ಸೂಜಿ ಕೊನೆಯ ಸಲ ಬಂದಳು. ಕೂರಲಿಲ್ಲ.

"ನೀವು ಕಡ್ಡಿಯ ಅಕ್ಕ ಅಂತ ಯಾಕೆ ಹೇಳ್ಲಿಲ್ಲ?" ಎಂದಳು. ಅವಳು ಡಬ್ಬಿಯನ್ನು ಹುಡುಕಿ ಕರೆಸಿ ತನ್ನ ಜೊತೆ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಮಾತಿಗೆ ಮಾತು ಬಂದು ನಿಲ್ದಾಣದ ಅಕ್ಕನ ವಿಷಯ ಎತ್ತಿದಾಗ ಡಬ್ಬಿಯ ಮುಖ ಎಲ್ಲವನ್ನೂ ಹೇಳಿಬಿಟ್ಟಿತ್ತು. "ಅವನ ಹಾಡನ್ನ ಹೊಡೆಯೋಕೆ ಬಂದೋಳು ನಾನು. ನಿಮ್ಮ ಮನೆಯೊಳಗೆ ನುಗ್ಗೋಕೆ ಅಲ್ಲ. ನನ್ನ ಕೈಲಿ ಈ ಕೆಲಸ ಮಾಡಿಸಿದ್ರಲ್ಲ."

"ತಪ್ಪಾಯ್ತು ಕಣಮ್ಮ."

"ನಿಮ್ಮ ಹತ್ತಿರ ಕಲಿತದ್ದನ್ನ ಇಲ್ಲ ಅನ್ನಲ್ಲ" ಎಂದು ಸೂಜಿ ಹೊರಟು ಹೋದಳು.

ನವೆಂಬರಿನಲ್ಲಿ ಸೂಜಿಯ ಪೂರ್ತಿ ಆಲ್ಬಮ್ ಬಂತು. ಬೀಟ್ ಎಲ್ಲ ಡಬ್ಬಿಯದು. ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಎಲ್ಲರೂ ಒಪ್ಪಿದರು, ಒಪ್ಪದವರು ಯಾರೂ ಇರಲಿಲ್ಲ. 'ಪ' ಹಾಡು ಅದರಲ್ಲಿರಲಿಲ್ಲ. ಸೂಜಿಯೇ ಅದನ್ನು ಎಲ್ಲ ಕಡೆಯಿಂದ ತೆಗೆಸಿದ್ದಳು.

ಡಿಸೆಂಬರಿನಲ್ಲಿ, ವರ್ಷದ ಹಾಡುಗಳ ಬಗ್ಗೆ ನಡೆಸುವ ನೇರ ಪ್ರಸಾರದ ಕಾರ್ಯಕ್ರಮಕ್ಕೆ ಕಡ್ಡಿಯನ್ನು ಕರೆದರು. ಅವನು ಹೋಗುತ್ತಾನೆಂದು ಯಾರೂ ಎಣಿಸಿರಲಿಲ್ಲ. ಬೆಳಗಿನ ಹೊತ್ತು, ನಿಲ್ದಾಣದ ಕಾಯುವ ಕೋಣೆಯ ಟಿವಿಯಲ್ಲಿ ಅದೇ ಬರುತ್ತಿತ್ತು. ಅಕ್ಕ ಗಾಜಿನ ಈಚೆಗೆ ನಿಂತು ನೋಡಿದಳು. ನಿರೂಪಕ ಸುತ್ತಿ ಬಳಸಿ ಕೊನೆಗೆ ಆ ಪ್ರಶ್ನೆಗೆ ಬಂದ.

"ನಿಮ್ಮ ತೊಂದರೆಯನ್ನ ಹೊರಗೆ ಹಾಕಿದ್ದು ನಿಮ್ಮ ಗೆಳೆಯ ಡಬ್ಬಿ ಅಂತಾರೆ. ಈಗ ಎದುರಾಳಿ ಜೊತೆ ಸೇರಿದಾರೆ. ಅವರಿಗೆ ಏನು ಹೇಳ್ತೀರ?"

ಕಡ್ಡಿ ಬಾಯಿ ತೆರೆದ. ತುಟಿಗಳು ಮುಚ್ಚಿಕೊಂಡವು. ನಿರೂಪಕ ನೆರವಿಗೆ ಬರಲು ನೋಡಿದ, ಕಡ್ಡಿ ಕೈ ಎತ್ತಿ ತಡೆದ. ಕಾಯುವ ಕೋಣೆಯಲ್ಲಿ ಜನ ಟಿವಿಯ ಕಡೆ ತಿರುಗಿದರು.

"ಪ... ಪ... ಪಾಪ, ಅವನಲ್ಲ" ಎಂದ ಕಡ್ಡಿ. ಹಣೆಯ ಮೇಲೆ ಬೆವರಿತ್ತು. "ಅವನಿಗೆ ನಾನು ಅನ್ಯಾಯ ಮಾಡಿದೆ. ಹೇಳಿದ್ದು ನನ್ನಕ್ಕ. ಬಸ್ ನಿಲ್ದಾಣದಲ್ಲಿ ಬಸ್ಸು ಕೂ... ಕೂಗ್ತಾಳಲ್ಲ, ಅವಳೇ. ನಂಗೆ ಮಾತು ಹೇಳಿಕೊಟ್ಟೋಳೂ ಅವಳೇ, ಹೇಳಿಬಿಟ್ಟೋಳೂ ಅವಳೇ."

ಕಾಯುವ ಕೋಣೆಯ ಬೆಂಚುಗಳ ಮೇಲೆ ಕೂತ ಜನ ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಅನೌನ್ಸರ್ ಕೋಣೆಯ ಗಾಜಿನ ಕಡೆ ನೋಡಿದರು. ಕೌಂಟರಿನವಳು ಕೌಂಟರ್ ಬಿಟ್ಟು ಎದ್ದು ಬಂದಳು. ಅಕ್ಕನಿಗೆ ಎಷ್ಟೋ ವರ್ಷಗಳಿಂದ ಬೇಕಾಗಿದ್ದ ಹೆಸರು ಸಿಕ್ಕಿತ್ತು. ಹೀಗೆ ಸಿಗಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅಡಗಿಕೊಳ್ಳಲು ಜಾಗವಿರಲಿಲ್ಲ, ಆಸ್ಪತ್ರೆಯ ಬಸ್ಸು ಬೇರೆ ಬಂದು ನಿಂತಿತ್ತು. ಎಲ್ಲರೂ ನೋಡುತ್ತಿದ್ದಂತೆ ಮೈಕಿನ ಮುಂದೆ ಕೂತು ಕೂಗಿದಳು. ನಡುವೆ ಒಂದು ಕಡೆ ದನಿ ಒಡೆಯಿತು.

ಆಮೇಲೆ ಕೆಲವು ದಿನ ಹುಡುಗರು ಬಂದು ಗಾಜಿಗೆ ಮೂಗು ಒತ್ತಿ ಫೋಟೊ ತೆಗೆದರು. ಒಬ್ಬ "ಮನೆಮುರುಕಿ" ಎಂದು ಬೈದು ಹೋದ, ಇನ್ನೊಬ್ಬಳು ಆಟೊಗ್ರಾಫ್ ಕೇಳಿದಳು. ಎರಡಕ್ಕೂ ಅಕ್ಕ ತಲೆ ತಗ್ಗಿಸಿದಳು. ಡಬ್ಬಿ ಕಡ್ಡಿಗೆ ಫೋನು ಮಾಡಿ ಒಳ್ಳೆಯ ಮಾತಾಡಿದನಂತೆ, ಆದರೆ ವಾಪಸು ಬರುವ ಮಾತೆತ್ತಲಿಲ್ಲವಂತೆ. ಇದನ್ನೆಲ್ಲ ಅಮ್ಮನ ಬಾಯಿಂದ ಕೇಳಬೇಕಾಯಿತು. ಕಡ್ಡಿ ಇನ್ನೂ ಅವಳಿಗೆ ಫೋನು ಮಾಡಿರಲಿಲ್ಲ.

ವರ್ಷದ ಕೊನೆಯ ವಾರದಲ್ಲಿ ಮಾಡಿದ. ಮಧ್ಯಾಹ್ನ, ಅಕ್ಕ ಊಟದ ಬಾಕ್ಸ್ ಮುಚ್ಚುತ್ತಿದ್ದಾಗ.

"ಅಮ್ಮ ಕಣ್ಣು ನೋಯ್ತಿದೆ ಅಂದ್ಲು, ಔಷಧಿ ಬಿಡ್ತಿದೀಯಾ?"

"ಬಿಡ್ತಿದೀನಿ."

ಅವನು ಇಟ್ಟುಬಿಡುತ್ತಾನೆ ಎಂದು ಅಕ್ಕ ಹೆದರಿದಳು.

"ಸೂಜಿಯ ಹೊಸ ಹಾಡು ಬಂತಲ್ಲ ನಿನ್ನೆ. ಕೇಳಿದ್ಯಾ?"

"ಕೇಳಿದೆ."

"ಹೇಗಿದೆ?"

ಅಕ್ಕ ಕೇಳಿದ್ದಳು, ನಾಲ್ಕು ಸಲ ಕೇಳಿದ್ದಳು. ತಾನು ತಿದ್ದದ ಸಾಲುಗಳು, ತನ್ನನ್ನು ಕೇಳದೆ ಬರೆದ ಸಾಲುಗಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. "ಚೆನ್ನಾಗಿದೆ ಕಣೋ" ಎಂದಳು.

"ತುಂಬಾ?"

"ತುಂಬಾ."

"ಆ ಡಬ್ಬಿ ಇಷ್ಟು ಒಳ್ಳೆ ಬೀಟ್ ನಮಗೆ ಒಂದು ದಿನಾನೂ ಕೊಡ್ಲಿಲ್ಲ ನೋಡು" ಎಂದ ಕಡ್ಡಿ. ಉರಿಯುತ್ತಿದ್ದಾನೆ ಎಂದು ದನಿಯಲ್ಲೇ ತಿಳಿಯುತ್ತಿತ್ತು.

ನಮಗೆ ಎಂದನಲ್ಲ ಎಂದು ಅಕ್ಕ ಗಮನಿಸಿದಳು, ಆದರೆ ಎತ್ತಿ ಆಡಲಿಲ್ಲ. "ಹೂಂ, ನನಗೂ ಮೈಯೆಲ್ಲ ಉರೀತಿದೆ" ಎಂದಳು. ಆ ಕಡೆಯಿಂದ ಮೂಗಿನಲ್ಲಿ ನಕ್ಕ ಸದ್ದು ಬಂತು. ಹೊರಗೆ ಗಿರಣಿಯ ಬಸ್ಸು ಹಾರ್ನ್ ಹೊಡೆಯಿತು.

"ಇಡ್ತೀನಿ, ಬಸ್ಸು ಬಂತು" ಎಂದಳು. "ಭಾನುವಾರ ಬಾ."

"ನೋಡೋಣ" ಎಂದ ಕಡ್ಡಿ.